ಕಲ್ಪಿತ ಲೋಕದ ಪ್ರಶ್ನೋತ್ತರ: ದಂಡಿನ ಬೆಂಗಳೂರಿನ ಒಂದು ವಿನೋದದ ವಿಮರ್ಶೆ

೧

ವಿನೋದಕ್ಕಾಗಿ ನಡೆಯುವ ಪ್ರಶ್ನೋತ್ತರಗಳನ್ನು ಸಂಶೋಧನ ಸಂಚಿಕೆಯೊಂದರಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂಬ ಶಂಕೆ ಕೆಲವು ವಾಚಕರಲ್ಲಿ ಮೂಡಬಹುದು. ಆದರೆ ಒಂದು ಸಮಾಜವು ಯಾವುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ, ಹಾಗೆ ಇಟ್ಟುಕೊಂಡುದನ್ನು ಯಾವ ರೀತಿಯಲ್ಲಿ ಪರೀಕ್ಷೆಗೆ ಒಡ್ಡುತ್ತದೆ ಎಂಬುದು ಇತಿಹಾಸದ ಅಭ್ಯಾಸಿಗಳಿಗೆ ಹೊರಗಿನ ವಿಷಯವಾಗಲಾರದು. ಆದುದರಿಂದ ಈಚಿನ ದಶಕಗಳಲ್ಲಿ ನಮ್ಮ ನಗರದ ತರುಣರಲ್ಲಿ ಬೇರೂರಿರುವ ಒಂದು ವಿನೋದವನ್ನು, ಎಂದರೆ ಯಾವುದಾದರೊಂದು ಕಲ್ಪಿತ ಲೋಕದ ಅಭಿಮಾನಿಗಳು ಒಂದೆಡೆ ಕಲೆತು ಆ ಲೋಕದ ವಿವರಗಳನ್ನು ಕುರಿತು ಪರಸ್ಪರ ನಡೆಸುವ ರಸಪ್ರಶ್ನೆಯ ಸ್ಪರ್ಧೆಯನ್ನು, ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ವಿನೋದಕ್ಕೆ ಬೆಂಗಳೂರಿನಲ್ಲಿ ಗಟ್ಟಿಯಾದ ನೆಲೆಯೊಂದು ಮೊದಲೇ ಸಿದ್ಧವಾಗಿತ್ತು. ಭಾರತದಲ್ಲಿ ಸಾರ್ವಜನಿಕ ಕ್ವಿಜ್ ಸ್ಪರ್ಧೆಯ ಆರಂಭವನ್ನು ೧೯೬೭ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಅವರು ನಡೆಸಿದ ಕೂಟದಿಂದ ಗುರುತಿಸುವುದು ವಾಡಿಕೆ. ಬೆಂಗಳೂರಿನಲ್ಲಿ ೧೯೮೩ರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿಯವರ ಮುಂದಾಳುತನದಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪಿತವಾಯಿತು. ಈ ಸಂಸ್ಥೆಯ ಹಲವು ಸ್ಪರ್ಧೆಗಳು ನಡೆದಿರುವುದು ಕ್ವೀನ್ಸ್ ರಸ್ತೆಯ ಕೃಷಿ ತಂತ್ರಜ್ಞರ ಸಂಸ್ಥೆಯ ಸಭಾಂಗಣದಲ್ಲಿ. ಎಂದರೆ ೧೮೦೯ರಲ್ಲಿ ಬ್ರಿಟಿಷರ ಸೈನಿಕ ನೆಲೆಯಾಗಿ ತೊಡಗಿ, ೧೯೪೯ರಲ್ಲಿ ನಗರದೊಡನೆ ಒಂದೇ ಪೌರಸಂಸ್ಥೆಗೆ ಸೇರಿದ ದಂಡು ಪ್ರದೇಶದ ಅಂಚಿನಲ್ಲಿ. ಸೇನೆಯಿಂದ ನಿವೃತ್ತರಾದವರು, ಇಂಗ್ಲಿಷ್ ಶಾಲೆಗಳಲ್ಲಿ ಓದಿದವರು, ಚರ್ಚ್ ಸ್ಟ್ರೀಟಿನ ಮತ್ತು ಮಹಾತ್ಮಾ ಗಾಂಧಿ ರಸ್ತೆಯ ಪುಸ್ತಕದಂಗಡಿಗಳಲ್ಲಿ ರಜೆಯನ್ನು ಕಳೆದವರು ಈ ವಿನೋದಕ್ಕೆ ಸಹಜವಾಗಿಯೇ ಒದಗಿದರು. ಮೊದಮೊದಲು ಸಾಮಾನ್ಯಜ್ಞಾನಕ್ಕೆ ಮೀಸಲಾಗಿದ್ದ ಈ ಆಟವು ಕ್ರಮೇಣ ಕವಲೊಡೆಯಿತು. ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮತ್ತು ೧೯೯೭ರಿಂದ ೨೦೦೭ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟವಾದ ‘ಹ್ಯಾರಿ ಪಾಟರ್’ ಮೊದಲಾದ ಗ್ರಂಥಗಳ ಲೋಕಗಳನ್ನೇ ವಿಷಯವಾಗಿಟ್ಟುಕೊಂಡ ಸ್ಪರ್ಧೆಗಳು ಕಾಲೇಜುಗಳ ಉತ್ಸವಗಳಲ್ಲಿಯೂ ಇಂದಿರಾನಗರದ ಪಬ್ಬುಗಳಲ್ಲಿಯೂ ಈಗ ಸಾಮಾನ್ಯವಾಗಿವೆ. ಸೋತವರೂ ಗೆದ್ದವರೂ ಒಟ್ಟಿಗೆ ಕುಳಿತು ಉಪಾಹಾರ ಮಾಡಿ ಮನೆಗೆ ತೆರಳುವ ಸ್ನೇಹದ ಕೂಟಗಳಿವು.

ಇವನ್ನು ಕುರಿತು ವಿದ್ಯಾವಂತರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಇಲ್ಲದ ಲೋಕದ ಇಲ್ಲದ ಸಂಗತಿಗಳನ್ನು ಬಾಯಿಪಾಠ ಮಾಡುವುದು ಕಾಲಹರಣವೆಂಬುದು ಮೊದಲನೆಯದು. ಪುಸ್ತಕವನ್ನು ಓದಿಸುವ ಯಾವ ಉಪಾಯವಾದರೂ ಒಳ್ಳೆಯದೇ ಎಂಬುದು ಎರಡನೆಯದು. ಮೊದಲನೆಯದರಲ್ಲಿ ತಿರಸ್ಕಾರವಿದೆ, ಎರಡನೆಯದರಲ್ಲಿ ಔದಾರ್ಯವಿದೆ, ಎರಡರಲ್ಲಿಯೂ ವಿಮರ್ಶೆಯಿಲ್ಲ. ಪ್ರಶ್ನೆಗಳು ಎಂತಹವು, ಉತ್ತರಗಳಿಗೆ ಪ್ರಮಾಣ ಯಾವುದು, ಉತ್ತರ ದೊರೆತ ಮೇಲೆ ಉಳಿಯುವುದೇನು ಎಂಬ ಮೂರು ಅಂಶಗಳನ್ನು ವಿಚಾರಿಸದೆ ಈ ಆಟದ ಯೋಗ್ಯತೆಯನ್ನು ನಿರ್ಣಯಿಸುವುದು ಸಾಧ್ಯವಿಲ್ಲವೆಂದು ನಮ್ಮ ಭಾವನೆ.

೨

ಈ ವಿನೋದವು ನೆನ್ನೆ ಮೊನ್ನೆಯದೆಂದು ತಿಳಿಯುವುದು ತಪ್ಪು. ೧೮೫೭ರಲ್ಲಿ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ಸಿ. ಎಸ್. ಕಾಲ್ವರ್ಲಿ ಎಂಬ ವಿದ್ವಾಂಸನು ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯನ್ನು ಕುರಿತು ಒಂದು ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸಿ, ವಿಶ್ವವಿದ್ಯಾನಿಲಯದ ಪರೀಕ್ಷೆಯ ಠೀವಿಯನ್ನೇ ಅನುಕರಿಸಿ, ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸಿದನು. ಬಹುಮಾನವೆಂದರೆ ಆ ಕಾದಂಬರಿಯ ಮೊದಲ ಮುದ್ರಣದ ಪ್ರತಿ. ಕಾದಂಬರಿಯ ಮೂಲೆಮೂಲೆಗಳಲ್ಲಿ ಅಡಗಿದ್ದ ಚಿಲ್ಲರೆ ಮಾತುಗಳು, ತಿನಿಸು ಪಾನೀಯಗಳು, ಬೀದಿಬದಿಯ ಮಂದಿಯ ಆಡುನುಡಿಗಳು ಅಲ್ಲಿ ಪ್ರಶ್ನೆಗಳಾಗಿದ್ದವು. ಮೊದಲನೆಯ ಬಹುಮಾನವು ಮುಂದೆ ಕಾದಂಬರಿಕಾರನೆಂದು ಖ್ಯಾತನಾದ ವಾಲ್ಟರ್ ಬೆಸಂಟನಿಗೂ, ಎರಡನೆಯದು ವಾಲ್ಟರ್ ಸ್ಕೀಟನಿಗೂ ಸಂದವು.

ಸ್ಕೀಟನ ಹೆಸರನ್ನು ಇಂಗ್ಲಿಷ್ ಭಾಷಾಶಾಸ್ತ್ರದ ಅಭ್ಯಾಸಿಗಳು ಬಲ್ಲರು. ಈತನು ೧೮೭೮ರಲ್ಲಿ ಕೇಂಬ್ರಿಜ್‌ನಲ್ಲಿ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕನಾದನು. ‘ಪಿಯರ್ಸ್ ಪ್ಲೌಮನ್’ ಎಂಬ ಹಳೆಯ ಕಾವ್ಯದ ಹಸ್ತಪ್ರತಿಗಳನ್ನು ಹೋಲಿಸಿ, ಅದು ಒಂದೇ ಪಾಠದ ಕಾವ್ಯವಲ್ಲ, ಅದಕ್ಕೆ ಮೂರು ಪ್ರತ್ಯೇಕ ಪಾಠಗಳುಂಟು ಎಂದು ವಿಂಗಡಿಸಿ ತೋರಿಸಿ, ೧೮೬೭ರಿಂದ ಅವನ್ನು ಬೇರೆಬೇರೆಯಾಗಿ ಸಂಪಾದಿಸಿದನು. ವಿನೋದದ ಪರೀಕ್ಷೆಯಿಂದಲೇ ಆತನು ಸಂಪಾದಕನಾದನೆಂದು ನಾವು ಹೇಳುತ್ತಿಲ್ಲ. ಅಂತಹ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಇತಿಹಾಸಕಾರರಿಗೆ ಉಚಿತವಲ್ಲ. ಆದರೆ ಒಂದು ಗ್ರಂಥದ ಸಣ್ಣ ಶಬ್ದವೂ ಗಮನಕ್ಕೆ ಯೋಗ್ಯವೆಂಬ ಮನೋಧರ್ಮವು ಎರಡು ಕೆಲಸಗಳಿಗೂ ಸಮಾನವಾದುದೆಂದು ಹೇಳಲು ಅಡ್ಡಿಯಿಲ್ಲ. ಪಿಕ್‌ವಿಕ್ಕನ ಊಟದ ಪಟ್ಟಿಯನ್ನು ನೆನಪಿಟ್ಟುಕೊಂಡ ಕಣ್ಣೇ ಹಸ್ತಪ್ರತಿಯ ಅಕ್ಷರಭೇದವನ್ನೂ ಕಂಡಿತು.

ಇದೇ ಮಾರ್ಗದಲ್ಲಿ ೧೯೩೪ರಲ್ಲಿ ನ್ಯೂಯಾರ್ಕಿನ ಷರ್ಲಾಕ್ ಹೋಮ್ಸ್ ಅಭಿಮಾನಿಗಳು ತಮ್ಮ ಕೂಟಕ್ಕೆ ಪ್ರವೇಶಪರೀಕ್ಷೆಯಾಗಿ ಒಂದು ಪದಬಂಧವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಹೀಗೆ ಕಲ್ಪಿತ ಲೋಕವನ್ನು ನಿಜವಾದ ಲೋಕದಂತೆಯೇ ಪ್ರಮಾಣಬದ್ಧವಾಗಿ ಪರಿಶೀಲಿಸುವ ಈ ಹವ್ಯಾಸವು ಹುಟ್ಟಿದ್ದು ಕಾಲೇಜಿನ ಅಂಗಳದಲ್ಲಿ, ವಿದ್ವಾಂಸರ ಕೈಯಲ್ಲಿಯೇ ಎಂಬುದು ಗಮನಾರ್ಹವಾಗಿದೆ.

೩

ಈಗ ಕಲ್ಪಿತ ಲೋಕದೊಳಗೇ ನಡೆದ ಒಂದು ಪ್ರಶ್ನೋತ್ತರ ಸ್ಪರ್ಧೆಯನ್ನು ನೋಡೋಣ. ಸ್ಕೀಟನಂತೆಯೇ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕನಾಗಿದ್ದ ಜೆ. ಆರ್. ಆರ್. ಟೋಲ್ಕಿನ್ ೧೯೩೭ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಗ್ರಂಥದ ಐದನೆಯ ಅಧ್ಯಾಯದಲ್ಲಿ, ಬೆಟ್ಟದ ಒಳಗಿನ ಕತ್ತಲೆಯಲ್ಲಿ, ಬಿಲ್ಬೋ ಎಂಬ ಕಿರಿಯಾಳಿಗೂ ಗೊಲ್ಲಮ್ ಎಂಬ ಕೆರೆವಾಸಿಗೂ ಒಗಟಿನ ಸ್ಪರ್ಧೆ ನಡೆಯುತ್ತದೆ. ಬಿಲ್ಬೋ ಸೋತರೆ ಗೊಲ್ಲಮನಿಗೆ ಆಹಾರವಾಗಬೇಕು. ಒಗಟುಗಳು ಮುಗಿದು ದಿಕ್ಕುಗಾಣದೆ ನಿಂತ ಬಿಲ್ಬೋ ತನ್ನ ಜೇಬಿನಲ್ಲಿ ಏನಿದೆಯೆಂದು ತನಗೆ ತಾನೇ ಕೇಳಿಕೊಳ್ಳುತ್ತಾನೆ. ಅದನ್ನೇ ಮುಂದಿನ ಪ್ರಶ್ನೆಯೆಂದು ಭಾವಿಸಿದ ಗೊಲ್ಲಮ್ ಮೂರು ಅವಕಾಶಗಳನ್ನು ಬೇಡಿ, ಮೂರರಲ್ಲಿಯೂ ಸೋಲುತ್ತಾನೆ.

ಈ ಪ್ರಶ್ನೆಯು ನ್ಯಾಯವಾದುದೇ? ಒಗಟೆಂದರೆ ಕೊಟ್ಟ ಸೂಚನೆಗಳಿಂದ ಬುದ್ಧಿಯ ಬಲದಿಂದ ಬಿಡಿಸಬಹುದಾದ ಮಾತು. ಜೇಬಿನೊಳಗಿನ ವಸ್ತುವನ್ನು ಯಾವ ಬುದ್ಧಿಯಿಂದಲೂ ಕಾಣಲಾಗದು. ಟೋಲ್ಕಿನ್ ಸ್ವತಃ ಈ ಸಂಶಯವನ್ನು ಮುಂದಿನ ಗ್ರಂಥದ ಪೀಠಿಕೆಯಲ್ಲಿ ಎತ್ತಿ, ಅದು ಕಟ್ಟುನಿಟ್ಟಾದ ನಿಯಮದಂತೆ ಒಗಟಲ್ಲವೆಂಬ ವಿಷಯದಲ್ಲಿ ಪ್ರಾಜ್ಞರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಒಮ್ಮೆ ಅದನ್ನು ಒಪ್ಪಿ ಉತ್ತರಿಸಲು ಯತ್ನಿಸಿದ ಮೇಲೆ ಗೊಲ್ಲಮ್ ಮಾತಿಗೆ ಬದ್ಧನೇ ಸರಿ ಎಂಬ ತೀರ್ಪನ್ನು ಕೊಡಿಸುತ್ತಾನೆ. ಸ್ಪರ್ಧೆಯ ನ್ಯಾಯವನ್ನು ಇಷ್ಟು ಸೂಕ್ಷ್ಮವಾಗಿ ಚರ್ಚಿಸಿದ ಕಥನಗಳು ವಿರಳ.

ಇನ್ನು, ಈ ಅಧ್ಯಾಯವನ್ನೇ ಆಧರಿಸಿ ಅಭಿಮಾನಿಗಳ ಕೂಟವೊಂದರಲ್ಲಿ ‘ಸೋತರೆ ಗೊಲ್ಲಮ್ ಕೊಡಬೇಕಾದುದೇನು?’ ಎಂದು ಕೇಳಿದರೆಂದು ಭಾವಿಸೋಣ. ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಉತ್ತರಗಳು ಎರಡು. ೧೯೩೭ರ ಮುದ್ರಣದಲ್ಲಿ ಗೊಲ್ಲಮ್ ಒಂದು ಉಡುಗೊರೆಯನ್ನು ಕೊಡಲು ಒಪ್ಪುತ್ತಾನೆ. ಆ ಉಡುಗೊರೆಯೇ ಉಂಗುರ. ೧೯೫೧ರ ಪರಿಷ್ಕೃತ ಮುದ್ರಣದಲ್ಲಿ ಆತನು ಒಪ್ಪುವುದು ಹೊರದಾರಿಯನ್ನು ತೋರಿಸುವುದಕ್ಕೆ ಮಾತ್ರ. ಮುಂದಿನ ಕಥೆಯಲ್ಲಿ ಉಂಗುರವು ಯಾರೂ ಸ್ವೇಚ್ಛೆಯಿಂದ ಕೊಡಲಾರದಂತಹ ಭಯಂಕರ ವಸ್ತುವಾಗಿ ಬೆಳೆದುದರಿಂದ ಟೋಲ್ಕಿನ್ ೧೯೪೭ರಲ್ಲಿ ಈ ಭಾಗವನ್ನು ತಿದ್ದಿ ಪ್ರಕಾಶಕರಿಗೆ ಕಳುಹಿಸಿದ್ದನು. ಹಳೆಯ ಪಾಠವನ್ನು ಆತನು ಅಳಿಸಿ ಹಾಕಲೂ ಇಲ್ಲ. ೧೯೫೪–೫೫ರಲ್ಲಿ ಹೊರಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪೀಠಿಕೆಯಲ್ಲಿ, ಅದು ಬಿಲ್ಬೋ ತನ್ನ ಒಡೆತನವನ್ನು ಸಮರ್ಥಿಸಿಕೊಳ್ಳಲು ಮೊದಲು ಹೇಳಿದ ಸುಳ್ಳು ವೃತ್ತಾಂತವೆಂದೂ, ಆತನ ದಿನಚರಿಯ ಕೆಲವು ಪ್ರತಿಗಳಲ್ಲಿ ಅದೇ ಉಳಿದುಕೊಂಡಿತೆಂದೂ ವಿವರಿಸಿದನು. ಗ್ರಂಥಸಂಪಾದನೆಯ ಸಮಸ್ಯೆಯೊಂದು ಹೀಗೆ ಕಥೆಯ ಅಂಗವೇ ಆಯಿತು.

‘ಹ್ಯಾರಿ ಪಾಟರ್’ ಮಾಲೆಯಲ್ಲಿಯೂ ಇಂತಹ ನಿದರ್ಶನವುಂಟು. ೨೦೦೦ದಲ್ಲಿ ಪ್ರಕಟವಾದ ನಾಲ್ಕನೆಯ ಸಂಪುಟದಲ್ಲಿ, ಖಳನ ಮಂತ್ರದಂಡದಿಂದ ಆತನು ಕೊಂದವರ ಛಾಯೆಗಳು ಹಿಂದುಮುಂದಾದ ಕ್ರಮದಲ್ಲಿ ಹೊರಬರುವ ಸನ್ನಿವೇಶವಿದೆ. ಮೊದಲ ಮುದ್ರಣಗಳಲ್ಲಿ ನಾಯಕನ ತಂದೆಯ ಛಾಯೆ ಮೊದಲೂ ತಾಯಿಯದು ಅನಂತರವೂ ಬರುತ್ತವೆ. ಕೊನೆಗೆ ಸತ್ತವಳು ತಾಯಿಯಾದುದರಿಂದ ಇದು ದೋಷವೆಂದು ಕಂಡುಬಂದು, ಮುಂದಿನ ಮುದ್ರಣಗಳಲ್ಲಿ ಕ್ರಮವನ್ನು ಬದಲಾಯಿಸಲಾಯಿತು. ಮೊದಲ ಮುದ್ರಣವನ್ನು ಓದಿದವನೂ ನಂತರದ ಮುದ್ರಣವನ್ನು ಓದಿದವನೂ ಒಂದೇ ಪ್ರಶ್ನೆಗೆ ಬೇರೆಬೇರೆ ಉತ್ತರ ಹೇಳಿದರೆ ಇಬ್ಬರೂ ಸತ್ಯವನ್ನೇ ಹೇಳಿದಂತಾಗುತ್ತದೆ. ಕಲ್ಪಿತ ಲೋಕದಲ್ಲಿ ಉತ್ತರವು ಖಚಿತ, ಇತಿಹಾಸದಲ್ಲಿ ಮಾತ್ರ ಅನಿಶ್ಚಿತ ಎಂಬ ಜನಪ್ರಿಯ ನಂಬಿಕೆಯು ಇದರಿಂದ ಸಡಿಲವಾಗುತ್ತದೆ. ಯಾವ ಪ್ರತಿ, ಯಾವ ಮುದ್ರಣ ಎಂದು ಕೇಳದೆ ಕೊಟ್ಟ ಅಂಕವು ಇಲ್ಲಿಯೂ ಆಧಾರವಿಲ್ಲದ ಅಂಕವೇ.

೪

ಪ್ರಶ್ನೆಯನ್ನು ಪಣವಾಗಿಟ್ಟ ಕಥೆಗಳು ನಮ್ಮವರಿಗೆ ಹೊಸವಲ್ಲ. ಸರೋವರದ ದಡದಲ್ಲಿ ನಾಲ್ವರು ತಮ್ಮಂದಿರು ಬಿದ್ದಿರಲು ಯಕ್ಷನಿಗೆ ಉತ್ತರ ಕೊಟ್ಟ ಯುಧಿಷ್ಠಿರನನ್ನೂ, ತಿಳಿದೂ ಹೇಳದಿದ್ದರೆ ತಲೆ ಸಿಡಿಯುವುದೆಂದು ಬೆದರಿಸುವ ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮನನ್ನೂ ತಿಳಿಯದ ಮಕ್ಕಳಿಲ್ಲ. ಹಲಸೂರಿನ ತಮಿಳು ಮನೆಗಳಲ್ಲಿಯೂ ಕನ್ನಡ ಮನೆಗಳಲ್ಲಿಯೂ ‘ಚಂದಮಾಮ’ದ ಮೂಲಕ ಬೇತಾಳನು ಒಂದೇ ಪ್ರಶ್ನೆಯನ್ನು ಎರಡು ಭಾಷೆಗಳಲ್ಲಿ ಕೇಳಿದ್ದಾನೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಯಕ್ಷನು ಪ್ರಶ್ನೆಗಳನ್ನು ಮುಗಿಸಿದ ಮೇಲೆ, ಬದುಕುವ ತಮ್ಮನೊಬ್ಬನನ್ನು ಆರಿಸಿಕೊಳ್ಳೆಂದು ಹೇಳುತ್ತಾನೆ. ಮಾದ್ರಿಗೂ ಒಬ್ಬ ಮಗನುಳಿಯಲೆಂದು ಯುಧಿಷ್ಠಿರನು ನಕುಲನನ್ನು ಆರಿಸುತ್ತಾನೆ. ಆತನನ್ನು ಗೆಲ್ಲಿಸಿದ್ದು ಉತ್ತರಗಳ ಮೊತ್ತಕ್ಕಿಂತ ಹೆಚ್ಚಾಗಿ ಈ ಆಯ್ಕೆ.

ಪುರಾಣಗಳನ್ನು ಆಧುನಿಕ ಕಾದಂಬರಿಗಳ ಸಾಲಿಗೆ ಇಳಿಸುವ ಉದ್ದೇಶ ನಮಗಿಲ್ಲ. ಆದರೆ ಪಾಠಭೇದದ ಪ್ರಶ್ನೆಯು ಅಲ್ಲಿಗಿಂತ ಇಲ್ಲಿ ನೂರ್ಮಡಿ ತೀವ್ರವಾದುದು. ‘ದ್ರೌಪದಿಯ ಪತಿಗಳು ಎಷ್ಟು ಮಂದಿ?’ ಎಂದು ಶಾಲೆಯ ಸ್ಪರ್ಧೆಯಲ್ಲಿ ಕೇಳಿದರೆ ಐವರೆಂಬ ಉತ್ತರಕ್ಕೆ ಅಂಕ ದೊರೆಯುತ್ತದೆ. ಕ್ರಿ. ಶ. ೯೪೧ರಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಓದಿದ ಬಾಲಕನು ಒಬ್ಬನೇ ಎಂದು ಉತ್ತರಿಸಿದರೆ ಅಂಕವನ್ನು ಕಳೆದುಕೊಳ್ಳುತ್ತಾನೆ. ‘ರಾವಣನನ್ನು ಕೊಂದವರು ಯಾರು?’ ಎಂಬುದಕ್ಕೆ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ವು ಲಕ್ಷ್ಮಣನೆಂದು ಉತ್ತರಿಸುತ್ತದೆ. ಗ್ರಂಥದ ಹೆಸರು ಹೇಳದೆ ಇಂತಹ ಪ್ರಶ್ನೆಯನ್ನು ಕೇಳುವ ಪ್ರಶ್ನಕಾರನು ತಿಳಿಯದೆಯೇ ಒಂದು ಕಾವ್ಯಪರಂಪರೆಯನ್ನು ತಪ್ಪೆಂದು ಘೋಷಿಸಿದಂತಾಗುತ್ತದೆ. ಟೋಲ್ಕಿನ್ ಅಭಿಮಾನಿಗಳ ಕೂಟದಲ್ಲಿ ಮುದ್ರಣಭೇದವನ್ನು ಕುರಿತು ವಾದಿಸಲು ಸಿದ್ಧರಾಗುವ ತರುಣರು ಪಂಪ ನಾಗಚಂದ್ರರ ವಿಷಯದಲ್ಲಿಯೂ ಅದೇ ಹಟವನ್ನು ತೋರಿಸಬೇಕೆಂದು ಬಯಸುವುದು ಅತ್ಯಾಸೆಯಲ್ಲ.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ತಾಳಮದ್ದಳೆಯನ್ನು ಇಲ್ಲಿ ಸ್ಮರಿಸುವುದು ಯುಕ್ತವಾಗಿದೆ. ವೇಷವಿಲ್ಲದೆ ಕುಳಿತು, ಭಾಗವತರ ಪದ್ಯವನ್ನು ಆಧರಿಸಿ, ಅರ್ಥಧಾರಿಗಳು ರಾಮನಾಗಿಯೂ ವಾಲಿಯಾಗಿಯೂ ಆಶುವಾಗಿ ವಾದಿಸುವ ಈ ಕಲೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂತಹವರು ಹೆಸರು ಗಳಿಸಿದ್ದು ಪುರಾಣದ ವಿವರಜ್ಞಾನದಿಂದಷ್ಟೇ ಅಲ್ಲ. ಎದುರಾಳಿಯು ಕೇಳುವ ಪ್ರಶ್ನೆಗೆ ಆ ಪಾತ್ರದ ಬಾಯಿಂದ, ಆ ಗಳಿಗೆಯ ಧರ್ಮಸಂಕಟದೊಳಗಿನಿಂದ ಉತ್ತರ ಬರಬೇಕು. ರಸಪ್ರಶ್ನೆಯು ‘ಏನು, ಯಾರು, ಎಷ್ಟು’ ಎಂದು ಕೇಳುತ್ತದೆ. ತಾಳಮದ್ದಳೆಯು ‘ಏಕೆ’ ಎಂದು ಕೇಳುತ್ತದೆ. ಮೊದಲನೆಯದು ಗೊತ್ತಿಲ್ಲದವನಿಗೆ ಎರಡನೆಯದು ದಕ್ಕುವುದಿಲ್ಲ. ಮೊದಲನೆಯದರಲ್ಲಿಯೇ ನಿಂತವನಿಗೆ ಎರಡನೆಯದರ ರುಚಿ ತಿಳಿಯುವುದಿಲ್ಲ.

೫

ಇನ್ನು ನಮ್ಮ ನಗರದ ಕೂಟಗಳ ವಿಧಾನವನ್ನು ನೋಡಬೇಕು. ಇಲ್ಲಿ ಬಳಕೆಯಲ್ಲಿರುವ ಮುಖ್ಯ ಕ್ರಮದಲ್ಲಿ, ಒಂದು ತಂಡಕ್ಕೆ ತಿಳಿಯದ ಪ್ರಶ್ನೆಯು ಮುಂದಿನ ತಂಡಕ್ಕೆ ಸಾಗುತ್ತ ಹೋಗುತ್ತದೆ. ಯಾವ ತಂಡವು ಉತ್ತರಿಸಿತೋ ಅದರ ನಂತರದ ತಂಡದಿಂದ ಹೊಸ ಪ್ರಶ್ನೆ ಆರಂಭವಾಗುತ್ತದೆ. ಕೆಲವು ಸ್ಪರ್ಧೆಗಳಲ್ಲಿ ಸರದಿ ಬರುವ ಮುನ್ನವೇ ಉತ್ತರವನ್ನು ಬರೆದುಕೊಡುವ ‘ಪೌನ್ಸ್’ ಎಂಬ ಅವಕಾಶವುಂಟು. ತಪ್ಪಿದರೆ ಅಂಕ ಕಡಿತವಾಗುತ್ತದೆ. ಈ ಯಾಂತ್ರಿಕ ನಿಯಮಗಳಿಗಿಂತ ಮುಖ್ಯವಾದುದು ಪ್ರಶ್ನೆಯ ಕಟ್ಟಡವನ್ನು ಕುರಿತು ಬೆಂಗಳೂರಿನ ಅನುಭವಿಗಳು ರೂಢಿಸಿಕೊಂಡಿರುವ ಅಭಿರುಚಿ. ಕೇವಲ ಗೊತ್ತಿರುವವನಿಗೆ ಮಾತ್ರ ಬರುವ ಪ್ರಶ್ನೆಯನ್ನು ಅವರು ಕೀಳೆಂದು ಎಣಿಸುತ್ತಾರೆ. ಪ್ರಶ್ನೆಯ ಮಾತಿನೊಳಗೇ ಸುಳಿವುಗಳಿದ್ದು, ತಂಡದವರು ಪಿಸುಮಾತಿನಲ್ಲಿ ಚರ್ಚಿಸಿ, ಒಬ್ಬನ ಅರೆನೆನಪಿಗೆ ಮತ್ತೊಬ್ಬನ ತರ್ಕವನ್ನು ಸೇರಿಸಿ ತಲುಪಬಹುದಾದ ಉತ್ತರವೇ ಅವರಿಗೆ ಪ್ರಿಯ. ಗೊಲ್ಲಮನ ಕಷ್ಟವನ್ನು ಬಲ್ಲವರು ಇವರು. ಜೇಬಿನೊಳಗಿನ ವಸ್ತುವನ್ನು ಕೇಳಬಾರದೆಂಬುದೇ ಇವರ ಅಲಿಖಿತ ನಿಯಮ.

ಆದರೆ ಕಲ್ಪಿತ ಲೋಕಗಳ ಸ್ಪರ್ಧೆಗಳಲ್ಲಿ ಈ ಅಭಿರುಚಿಯು ಸಡಿಲವಾಗುವ ಅಪಾಯವಿದೆ ಎಂಬುದೇ ನಮ್ಮ ಮುಖ್ಯ ಆಕ್ಷೇಪ. ಸಾಮಾನ್ಯಜ್ಞಾನಕ್ಕೆ ಎಲ್ಲೆಯಿಲ್ಲ, ಆದುದರಿಂದ ಅಲ್ಲಿ ತರ್ಕಕ್ಕೆ ಅವಕಾಶ ಕೊಡದೆ ಗತಿಯಿಲ್ಲ. ಕಲ್ಪಿತ ಲೋಕಕ್ಕಾದರೋ ಪುಟಗಳ ಎಲ್ಲೆಯುಂಟು. ಹತ್ತು ಬಾರಿ ಓದಿದವನನ್ನು ಸೋಲಿಸಲು ಪ್ರಶ್ನಕಾರನು ದಿನೇದಿನೇ ಹೆಚ್ಚು ಕ್ಷುದ್ರವಾದ ವಿವರಗಳಿಗೆ ಇಳಿಯಬೇಕಾಗುತ್ತದೆ: ಕೊಠಡಿಯ ಸಂಖ್ಯೆ, ಕುದುರೆಯ ಬಣ್ಣ, ಎಲ್ಲಿಯೋ ಒಮ್ಮೆ ಬಂದ ಹೆಸರು. ಆಗ ಓದು ಎಂಬುದು ಕಾವಲುಗಾರನ ಎಣಿಕೆಯಾಗಿ, ಗ್ರಂಥದ ಮೇಲಿನ ಪ್ರೀತಿಯು ಒಡೆತನದ ಅಭಿಮಾನವಾಗಿ ಪರಿಣಮಿಸುತ್ತದೆ. ಒಂದೇ ಬಾರಿ ಓದಿ ಸಂತೋಷಪಟ್ಟ ಹೊಸಬನು ಇಂತಹ ಕೂಟದಲ್ಲಿ ಬಾಯಿ ತೆರೆಯಲು ಅಂಜುತ್ತಾನೆ. ಸ್ನೇಹದ ಸ್ಪರ್ಧೆಯೆಂಬ ಮಾತಿಗೆ ಆಗ ಅರ್ಥವುಳಿಯದು.

ಈ ಆಕ್ಷೇಪವನ್ನು ಎತ್ತುವ ಅಧಿಕಾರ ನಮಗೆ, ಇತಿಹಾಸದ ಅಧ್ಯಾಪಕರಿಗೆ, ಎಷ್ಟರಮಟ್ಟಿಗೆ ಇದೆಯೆಂಬುದನ್ನೂ ಕೇಳಿಕೊಳ್ಳಬೇಕು. ಕದನದ ಇಸವಿ, ಒಪ್ಪಂದದ ಕಲಮುಗಳು, ಅರಸರ ಪಟ್ಟಿ ಇವನ್ನು ಒಂದು ಅಂಕದ ಪ್ರಶ್ನೆಗಳಾಗಿ ಒಡ್ಡುವ ಪ್ರಶ್ನಪತ್ರಿಕೆಗಳು ನಮ್ಮಲ್ಲಿ ಅಪರೂಪವಲ್ಲ. ಅಲ್ಲಿ ಸುಳಿವಿಲ್ಲ, ತರ್ಕವಿಲ್ಲ, ಸಂಗಡಿಗನೊಡನೆ ವಿಚಾರವಿನಿಮಯವಂತೂ ಅಪರಾಧ. ವಿದ್ಯಾರ್ಥಿಯು ಭಾನುವಾರದ ಕೂಟದಲ್ಲಿ ಸುಳಿವಿನಿಂದ ಸತ್ಯಕ್ಕೆ ನಡೆಯುವ ಅಭ್ಯಾಸವನ್ನು ಪಡೆದು, ಸೋಮವಾರದ ತರಗತಿಯಲ್ಲಿ ಅದನ್ನು ಮರೆಯಬೇಕಾಗಿ ಬಂದರೆ, ಆಗ ವಿಮರ್ಶೆಗೆ ಒಳಗಾಗಬೇಕಾದುದು ಕೂಟವಲ್ಲ.

ಭಾಷೆಯ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಈ ಕೂಟಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ದಂಡಿನ ಇತಿಹಾಸವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಆದರೆ ಶಿವಾಜಿನಗರ, ಕೃಷ್ಣರಾಜಪುರಗಳ ಸರ್ಕಾರಿ ಶಾಲೆಗಳಲ್ಲಿ ಕನ್ನಡ, ಉರ್ದು, ತಮಿಳುಗಳಲ್ಲಿ ಓದುವ ಮಕ್ಕಳಿಗೆ ಈ ಆಟದ ಬಾಗಿಲು ಅರ್ಧವೇ ತೆರೆದಿದೆ. ಕನ್ನಡಕ್ಕೆ ಈ ಆಟವು ಒಗ್ಗದೆಂಬ ಮಾತನ್ನು ಒಪ್ಪಲಾಗದು; ೨೦೦೨ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರರು ನಡೆಸಿಕೊಟ್ಟ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಅದನ್ನು ಸುಳ್ಳಾಗಿಸಿದೆ. ಅಲ್ಲಿಯೂ, ಕಾಲ್ವರ್ಲಿಯ ಪರೀಕ್ಷೆಯಲ್ಲಿದ್ದಂತೆ, ಸರಿಯುತ್ತರಕ್ಕೆ ಬಹುಮಾನ ಪುಸ್ತಕವೇ. ಕ್ವಿಜ್ ಎಂಬ ಒಣ ಶಬ್ದಕ್ಕೆ ಪ್ರತಿಯಾಗಿ ಪ್ರಶ್ನೆಯೊಡನೆ ರಸವನ್ನು ಸೇರಿಸಿ ಪದವನ್ನು ಟಂಕಿಸಿದ ಭಾಷೆಯು ಈ ವಿನೋದದ ಮರ್ಮವನ್ನು ಚೆನ್ನಾಗಿಯೇ ಅರಿತಿದೆಯೆನ್ನಬೇಕು.

೬

ಮೇಲಿನ ಚರ್ಚೆಯಿಂದ ಉತ್ತಮ ಪ್ರಶ್ನೆಯ ಲಕ್ಷಣಗಳು ಹೀಗೆ ನಿಷ್ಪನ್ನವಾಗುತ್ತವೆ. ಮೊದಲನೆಯದಾಗಿ, ಅದು ತನ್ನ ಆಧಾರವಾದ ಗ್ರಂಥವನ್ನೂ, ಅಗತ್ಯವಿದ್ದಲ್ಲಿ ಮುದ್ರಣವನ್ನೂ ಹೆಸರಿಸತಕ್ಕದ್ದು. ಎರಡನೆಯದಾಗಿ, ಗೊತ್ತಿಲ್ಲದವನೂ ಯೋಚಿಸಿ ಸಮೀಪಿಸುವಂತಿರತಕ್ಕದ್ದು. ಮೂರನೆಯದಾಗಿ, ಉತ್ತರವು ದೊರೆತೊಡನೆ ಅಲ್ಲಿಗೇ ಮುಗಿಯದೆ ಮತ್ತೊಂದು ಪ್ರಶ್ನೆಗೆ ಎಡೆಮಾಡತಕ್ಕದ್ದು.

ಮೂರನೆಯ ಲಕ್ಷಣಕ್ಕೆ ನಮ್ಮ ಸಾಹಿತ್ಯದಿಂದಲೇ ಒಂದು ಉದಾಹರಣೆಯನ್ನು ಕೊಡಬಹುದು. ಪಂಪಭಾರತದ ಕೊನೆಯಲ್ಲಿ ಅರ್ಜುನನೊಡನೆ ಪಟ್ಟಾಭಿಷಿಕ್ತಳಾಗುವವಳು ಯಾರು? ಉತ್ತರ: ಸುಭದ್ರೆ. ಇದು ಒಂದು ಅಂಕದ ಚಿಲ್ಲರೆ ಸಂಗತಿ. ಆದರೆ ಉತ್ತರ ಹೇಳಿದ ಮರುಗಳಿಗೆಯಲ್ಲಿಯೇ ಕೇಳಬೇಕೆನಿಸುತ್ತದೆ: ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿ ಕಥೆಯನ್ನೇ ತಿರುಗಿಸಿದ ಕವಿ, ಸಭೆಯಲ್ಲಿ ಆಕೆಯ ಅವಮಾನಕ್ಕೆ ಪ್ರತಿಜ್ಞೆ ಮಾಡುವ ಕೆಲಸವನ್ನು ಭೀಮನಿಗೇ ಏಕೆ ಬಿಟ್ಟನು? ಕೊನೆಗೆ ಪಟ್ಟವನ್ನು ಆಕೆಗೆ ಕೊಡದೆ ಸುಭದ್ರೆಗೆ ಏಕೆ ಕೊಟ್ಟನು? ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಹೊರಟ ಆಸ್ಥಾನಕವಿಯ ಇಕ್ಕಟ್ಟು, ಮೂಲಭಾರತದ ಎಳೆತ, ಹತ್ತನೆಯ ಶತಮಾನದ ಚಾಳುಕ್ಯ ಸಾಮಂತರ ರಾಜಕೀಯ ಇವೆಲ್ಲವೂ ಆ ಒಂದು ಹೆಸರಿನ ಹಿಂದಿನಿಂದ ಎದ್ದುಬರುತ್ತವೆ. ಕುದುರೆಯ ಬಣ್ಣವನ್ನು ಕೇಳುವ ಪ್ರಶ್ನೆಗೂ ಈ ಪ್ರಶ್ನೆಗೂ ಇರುವ ಅಂತರವೇ ಕ್ಷುದ್ರತೆಗೂ ಸೂಕ್ಷ್ಮತೆಗೂ ಇರುವ ಅಂತರ.

ಆದುದರಿಂದ ನಮ್ಮ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ಒಟ್ಟಾಗಿ, ವರ್ಷಕ್ಕೊಮ್ಮೆಯಾದರೂ, ಒಂದೇ ಒಂದು ಕನ್ನಡ ಗ್ರಂಥವನ್ನು ಮುಂಚಿತವಾಗಿ ಪ್ರಕಟಿಸಿ, ಕಾಲ್ವರ್ಲಿಯ ಮಾದರಿಯಲ್ಲಿ ವಿನೋದದ ಪರೀಕ್ಷೆಯೊಂದನ್ನು ನಡೆಸಬೇಕೆಂದು ಸೂಚಿಸುತ್ತೇವೆ. ತಂಡಗಳು ಮಿಶ್ರವಾಗಿರಲಿ, ಹತ್ತು ಸಲ ಓದಿದವನ ಪಕ್ಕದಲ್ಲಿ ಮೊದಲ ಸಲ ಓದಿದವನು ಕುಳಿತಿರಲಿ. ಪ್ರಶ್ನೆಗಳನ್ನು ವಿದ್ಯಾರ್ಥಿಗಳೇ ರಚಿಸಲಿ, ಏಕೆಂದರೆ ಉತ್ತರ ಹೇಳುವುದಕ್ಕಿಂತ ನ್ಯಾಯವಾದ ಪ್ರಶ್ನೆಯನ್ನು ಕಟ್ಟುವುದಕ್ಕೆ ಹೆಚ್ಚಿನ ಓದು ಬೇಕು. ತೀರ್ಪನ್ನು ಯಾರಾದರೂ ಆಕ್ಷೇಪಿಸಿದರೆ ಗ್ರಂಥವನ್ನು ತೆರೆದು ನೋಡುವ ಹಕ್ಕು ಎಲ್ಲರಿಗೂ ಇರಲಿ. ಬಹುಮಾನ ಒಂದು ಪುಸ್ತಕವಾದರೆ ಸಾಕು.